ಎಲ್ಲರಿಗೂ ಒಂದೇ ಟವೆಲ್

ಲಾಂಡ್ರಿಯ ಹಿಂದಿನ ಮಕ್ಕಳ ಕೋಣೆ
ಮಂಗಳವಾರ, ಮಧ್ಯಾಹ್ನ ಮೂರು ಗಂಟೆ

ಅಕ್ಕಾ,

ನಿನ್ನ ಮಗಳನ್ನು ಹನ್ನೆರಡು ಮಕ್ಕಳ ಎದುರು ನಿಲ್ಲಿಸಿ, ಅವಳ ಮೂಗಿನ ಕೆಳಗಿನ ಹುಣ್ಣಿಗೆ ಬೆರಳು ತೋರಿಸಿ, 'ಇದು ಕೊಳಕು ಮನೆಯಿಂದ ಬರುವ ರೋಗ' ಎಂದು ಹೇಳಿ ಆಚೆ ಹಾಕಿದವಳು ನಾನು. ಅದು ಅನ್ಯಾಯ. ಹೇಳಿದ ಮಾತು ಸುಳ್ಳು, ಹೇಳಿದ ರೀತಿ ಕ್ರೂರ. ಹದಿನೆಂಟು ದಿನಗಳಿಂದ ಇದನ್ನು ಬೇರೆ ಬೇರೆ ಪದಗಳಲ್ಲಿ ಸುತ್ತಿ ಹೇಳಲು ನೋಡಿದ್ದೇನೆ. ಈಗ ಸುತ್ತುವಷ್ಟು ಸಮಯವಿಲ್ಲ.

ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ಮಗಳನ್ನು, ನಮ್ಮ ಬಟಾಣಿಯನ್ನು, ಕಿಟಕಿಯ ಬೆಳಕಿಗೆ ಕರೆದು ಮುಖ ನೋಡು. ಕಣ್ಣಿನ ರೆಪ್ಪೆ ಊದಿದೆಯೇ? ಕಾಲಿನ ಗಿಣ್ಣಿನ ಮೇಲೆ ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತದೆಯೇ? ಇವತ್ತು ಎಷ್ಟು ಸಲ ಉಚ್ಚೆಗೆ ಹೋದಳು, ಅದರ ಬಣ್ಣ ಹೇಗಿತ್ತು? ಹಾಲು ಹಾಕದ ಚಹಾದ ಬಣ್ಣವಿದ್ದರೆ, ಅಥವಾ ಬೆಳಿಗ್ಗೆಯಿಂದ ಹೋಗಿಯೇ ಇಲ್ಲವೆಂದರೆ, ತಲೆನೋವು, ವಾಂತಿ, ಏದುಸಿರು ಇಂಥದ್ದೇನಾದರೂ ಇದ್ದರೆ, ಕಾಗದ ಮಡಚಿಟ್ಟು ಈಗಲೇ ದೊಡ್ಡಾಸ್ಪತ್ರೆಗೆ ಹೊರಡು. ಉಳಿದದ್ದನ್ನು ಅಲ್ಲಿಯ ಬೆಂಚಿನ ಮೇಲೆ ಓದಬಹುದು, ಓದದೇ ಇದ್ದರೂ ನಡೆಯುತ್ತದೆ. ಕಾಗದ ತಂದಿರುವ ಲಾಂಡ್ರಿಯ ಅಜ್ಜಿ ನಿನ್ನ ಜೊತೆ ಬರುತ್ತಾಳೆ. ಹೇಳಿ ಕಳಿಸಿದ್ದೇನೆ.

ಇದು ಯಾವುದೂ ಇಲ್ಲ, ಮುಖ ಮಾತ್ರ ಸ್ವಲ್ಪ ತುಂಬಿಕೊಂಡಂತೆ ಕಾಣುತ್ತಿದೆ ಎಂದಾದರೆ, ಕೂತು ಓದು. ಬೈಯುತ್ತಲೇ ಓದು, ಆದರೆ ಕೊನೆಯವರೆಗೂ ಓದು.

ಇವತ್ತು ಬೆಳಿಗ್ಗೆ ಅಜ್ಜಿ ಬಾಯ್ಲರ್ ಪಕ್ಕದ ಕಟ್ಟೆಯ ಮೇಲೆ ಕೂತು ನಿನ್ನ ಸುದ್ದಿ ಹೇಳಿದಳು. "ನಿನ್ನೆ ನಿಮ್ಮಕ್ಕನ ಹತ್ರ ಹೋಗಿದ್ದೆ ಕಣೇ. ಹುಣ್ಣೆಲ್ಲ ಮಾಯ. ಮಗು ಗುಂಡುಗುಂಡಗಾಗಿದೆ, ಕೆನ್ನೆ ನೋಡ್ಬೇಕಿತ್ತು ನೀನು, ಬನ್ ಇದ್ದ ಹಾಗೆ. ನಿನ್ನ ಕೈ ತಪ್ಪಿದ್ದೇ ಅದಕ್ಕೆ ಒಳ್ಳೇದಾಯ್ತು." ತಮಾಷೆಗೆ ಹೇಳಿದ್ದು. ನಾನೂ ನಗಬೇಕಿತ್ತು. ಕೈಯಲ್ಲಿದ್ದ ಬಕೆಟ್ ಕೆಳಗಿಟ್ಟು, "ಕಣ್ಣು?" ಎಂದೆ. "ಕಣ್ಣೂ ಅಷ್ಟೇ, ಬೆಳಿಗ್ಗೆ ಹೊತ್ತು ಊದ್ಕೊಂಡಿರುತ್ತಂತೆ. ನಿದ್ದೆ ಜಾಸ್ತಿ ಆಗಿರ್ಬೇಕು ಅಂದ್ಲು ನಿಮ್ಮಕ್ಕ."

ನಾಲ್ಕು ವರ್ಷ ನಾವಿಬ್ಬರೂ ಸೇರಿ ತುತ್ತು ತಿನ್ನಿಸಿದರೂ ದಪ್ಪ ಆಗದ ಮಗು ಹದಿನೆಂಟು ದಿನದಲ್ಲಿ ಹೇಗೆ ಆಗುತ್ತದೆ, ಅಕ್ಕಾ? ಮಕ್ಕಳನ್ನು ಅಜ್ಜಿಗೆ ಒಪ್ಪಿಸಿ ಸಣ್ಣ ಆಸ್ಪತ್ರೆಯ ನರ್ಸಮ್ಮನ ಹತ್ತಿರ ಓಡಿದೆ. ಅವರು ಹೇಳಿದ್ದನ್ನೇ ಮೇಲೆ ಬರೆದಿದ್ದೇನೆ.

ಹುಣ್ಣು ಮೂಗಿನ ಕೆಳಗಿತ್ತು, ಉಚ್ಚೆಯ ಮಾತು ಎಲ್ಲಿಂದ ಬಂತು ಎಂದು ನೀನು ಕೇಳುತ್ತೀಯ. ನಾನೂ ಕೇಳಿದೆ. ಮೊದಲಿನಿಂದ ಹೇಳುತ್ತೇನೆ. ಹಾರಿಸಿ ಹೇಳಿದರೆ ನನಗೆ ಅನುಕೂಲವಾದ ಜಾಗದಲ್ಲೇ ಹಾರಿಸುತ್ತೇನೆ, ನನ್ನನ್ನು ನೀನು ಬಲ್ಲೆ.

ಈ ಕೋಣೆ ಹೇಗೆ ಸಿಕ್ಕಿತು ಎನ್ನುವುದು ನಿನಗೆ ಗೊತ್ತು. ಅದಕ್ಕೂ ಮೊದಲು ಲಾಂಡ್ರಿಯ ಮಕ್ಕಳು ಹೋಟೆಲುಗಳಿಂದ ಬಂದ ಕೊಳೆ ಬೆಡ್‌ಶೀಟ್‌ಗಳ ತಳ್ಳುಗಾಡಿಯಲ್ಲೇ ಮಲಗುತ್ತಿದ್ದವು. ಯಾರದೋ ಎಂಜಲು, ಯಾರದೋ ಬೆವರಿನ ಮೇಲೆ ನಮ್ಮ ಬಟಾಣಿ ಬೆರಳು ಚೀಪಿಕೊಂಡು ನಿದ್ದೆ ಮಾಡುತ್ತಿದ್ದಳು. ನಲವತ್ತೊಂದು ಹೆಂಗಸರ ಸಹಿ, ಅದರಲ್ಲಿ ಹದಿನಾರು ಹೆಬ್ಬೆಟ್ಟು, ಎಲ್ಲ ಹಾಕಿಸಿ ಅರ್ಜಿ ಕೊಟ್ಟವಳು ನಾನು. ಮುರಿದ ಗಾಡಿಗಳನ್ನು ತುಂಬಿಟ್ಟಿದ್ದ ಈ ಗೋದಾಮನ್ನು ಮೂರು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟರು. ಬೀಗದ ಕೈ ಸೂಪರ್‌ವೈಸರ್ ಹತ್ತಿರವೇ ಇರಬೇಕು, ದೂರು ಬಂದರೆ ಮಾರನೇ ದಿನವೇ ಮುಚ್ಚಬೇಕು ಎಂಬುದು ಷರತ್ತು. ನಾನು ಬಟ್ಟೆ ಮಡಚುವ ಮೇಜು ಬಿಟ್ಟು ಮಕ್ಕಳನ್ನು ನೋಡಿಕೊಳ್ಳಲು ಬಂದೆ. ನೀನು ಆ ದಿನ ಇಸ್ತ್ರಿ ಯಂತ್ರದ ಹಬೆಯಿಂದ ಮುಖ ಎತ್ತಿ ನಕ್ಕಿದ್ದೆ. "ಇನ್ನು ಆ ಮಕ್ಕಳ ಕಿವಿ ದೇವರೇ ಕಾಪಾಡ್ಬೇಕು" ಎಂದಿದ್ದೆ.

ಆಮೇಲೆ ಟವೆಲಿನ ವಿಷಯ. ಒಬ್ಬೊಬ್ಬ ತಾಯಿ ಒಂದೊಂದು ಟವೆಲ್ ಕಳಿಸುತ್ತಿದ್ದಳು. ಅವಳಿ ಮಕ್ಕಳಿಗೆ ಇಬ್ಬರಿಗೂ ಸೇರಿ ಹರಿದ ಬೆಡ್‌ಶೀಟಿನ ಒಂದು ತುಂಡು. ಬಟಾಣಿಯದು ನೀನು ತೂತಿಗೆ ತೇಪೆ ಹಾಕಿದ ನೀಲಿ ಟವೆಲ್. ಸೂಪರ್‌ವೈಸರ್ ಮಗನದು ಮೆತ್ತಗಿನ ಹೊಸ ಟವೆಲ್, ಅದರ ಮೇಲೆ ಹಳದಿ ಬಾತುಕೋಳಿ. ಒಂದು ದಿನ ಅವಳಿಗಳಲ್ಲಿ ಒಬ್ಬಳು ಬಾತುಕೋಳಿಯನ್ನು ಮುಟ್ಟಿದಳು. "ಮುಟ್ಬೇಡ, ನಿಂದು ನೆಲ ಒರೆಸೋ ಬಟ್ಟೆ" ಎಂದ ಐದು ವರ್ಷದ ಆ ಹುಡುಗ. ಅವಳು ಕೈ ಹಿಂದಕ್ಕೆ ಎಳೆದುಕೊಂಡು ತನ್ನ ತುಂಡು ಬಟ್ಟೆಯನ್ನು ಲಂಗದೊಳಗೆ ಬಚ್ಚಿಟ್ಟುಕೊಂಡಳು. ನನಗೆ ರಕ್ತ ಕುದಿಯಿತು. ಈಗಲೂ ಕುದಿಯುತ್ತದೆ, ಅದರಲ್ಲಿ ತಪ್ಪಿಲ್ಲ. ತಪ್ಪಾದದ್ದು ಆಮೇಲೆ.

ಮಾರನೇ ದಿನ ಹನ್ನೆರಡು ಟವೆಲುಗಳನ್ನೂ ಗಂಟು ಕಟ್ಟಿ ಅಟ್ಟಕ್ಕೆ ಎಸೆದೆ. ಅಂಚು ಸುಟ್ಟಿದೆ ಎಂದು ಹೋಟೆಲಿನವರು ತಿರಸ್ಕರಿಸಿದ್ದ ಒಂದು ದೊಡ್ಡ ಬಿಳಿ ಟವೆಲ್ ತಂದು ಮೊಳೆಗೆ ನೇತು ಹಾಕಿದೆ. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದೆ: ಎಲ್ಲರಿಗೂ ಒಂದೇ ಟವೆಲ್. ನೀನು ಬಾಗಿಲಲ್ಲಿ ನಿಂತು ಓದಿದೆ. "ಮಕ್ಕಳೆಲ್ಲ ಸಮ ಇರ್ಬಹುದು ಕಣೇ, ಮೂಗು ಸಮ ಅಲ್ಲ. ಒಂದು ಸೋರುತ್ತೆ, ಒಂದು ಸೋರಲ್ಲ" ಎಂದೆ. ನನ್ನದು ನಿನ್ನದು ಎಂಬ ಆಸ್ತಿಯ ಹುಚ್ಚು ಟವೆಲಿನಿಂದಲೇ ಶುರುವಾಗುತ್ತದೆ ಎಂದು ನಾನು ಹತ್ತು ನಿಮಿಷ ಭಾಷಣ ಬಿಗಿದೆ. ನಿನ್ನ ಊಟದ ಬಿಡುವು ಮುಗಿದು ಹೋಯಿತು.

ಇನ್ನೂ ಒಂದು ಹೇಳಬೇಕು. ಕೆಲಸಗಾರರ ಸಂಘದ ಕಚೇರಿಯಿಂದ ತಂದ ಮಕ್ಕಳ ಶುಚಿತ್ವದ ಕರಪತ್ರ ನನ್ನ ಹತ್ತಿರ ಇತ್ತಲ್ಲ, ಅದರ ನಾಲ್ಕನೇ ಪುಟದಲ್ಲಿ 'ಪ್ರತಿ ಮಗುವಿಗೂ ಬೇರೆ ಬಟ್ಟೆ' ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ನಾನು ಅದನ್ನು ಓದದೆ ಬಿಟ್ಟದ್ದಲ್ಲ. ಓದಿ, ಪೆನ್ಸಿಲಿನಿಂದ ಗೀಟು ಹೊಡೆದು, ಪಕ್ಕದಲ್ಲಿ 'ಇದು ಉಳ್ಳವರ ಮಾತು' ಎಂದು ಬರೆದಿದ್ದೆ.

ಪ್ರತಿ ಬೆಳಿಗ್ಗೆ ಎಂಟಕ್ಕೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬೋಗುಣಿಯ ಉಪ್ಪು ನೀರಿನಲ್ಲಿ ಟವೆಲ್ ಅದ್ದಿ ಹಿಂಡಿ, ಮೂಗು, ಬಾಯಿ, ಕೆನ್ನೆ, ಗದ್ದ ಒರೆಸುತ್ತಾ ಹೋಗುತ್ತಿದ್ದೆ. ಐದು ನಿಮಿಷದಲ್ಲಿ ಹದಿಮೂರು ಮುಖ. ಹೊರಗೆ ಹೆಂಗಸರು ದಿನಕ್ಕೆ ನಾಲ್ಕು ಸಾವಿರ ಟವೆಲ್ ಒಗೆಯುತ್ತಿದ್ದರು. ಒಳಗೆ ಅವರ ಮಕ್ಕಳಿಗೆ ಒಂದು. ಅದನ್ನು ನಾನು ಹೆಮ್ಮೆ ಎಂದುಕೊಂಡೆ.

ಬಟಾಣಿಗೆ ಆ ವಾರ ನೆಗಡಿ. ಉಜ್ಜಿ ಉಜ್ಜಿ ಮೂಗಿನ ಕೆಳಗೆ ಚರ್ಮ ಕೆಂಪಗಾಗಿತ್ತು. ಬುಧವಾರ ಅಲ್ಲೊಂದು ಸಣ್ಣ ನೀರುಗುಳ್ಳೆ. ಗುರುವಾರ ಅದು ಒಡೆದು ಜೇನುತುಪ್ಪ ಒಣಗಿದಂತೆ ಹಳದಿ ಹಕ್ಕಳೆ ಕಟ್ಟಿತು. ನಾನು ಅದನ್ನು ಸಿಂಬಳದ ಕೊಳೆ ಎಂದುಕೊಂಡೆ. ಶುಕ್ರವಾರ ಟವೆಲಿನ ಒರಟು ಮೂಲೆಯಿಂದ ತಿಕ್ಕಿ ಕಿತ್ತೆ. "ಚಿಕ್ಕೀ, ಉರಿ ಚಿಕ್ಕೀ" ಎಂದು ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದುಕೊಂಡಳು. ನಾನು ನಿಲ್ಲಿಸಲಿಲ್ಲ. ಹಕ್ಕಳೆ ಹೋಗಿ ಅಡಿಯಲ್ಲಿ ಹಸಿ ಗಾಯ ಕಂಡಿತು. ಗದ್ದದ ಮೇಲೆ ಇನ್ನೆರಡು ಗುಳ್ಳೆ ಇದ್ದವು. ಆಗ ನನಗೆ ಇದು ಅಂಟುವ ರೋಗ ಎಂಬುದು ಹೊಳೆಯಿತು. ಹೊಳೆದ ಕ್ಷಣವೇ ಅವಳನ್ನು ಎಲ್ಲರ ಎದುರು ನಿಲ್ಲಿಸಿದೆ. ನಿಯಮ ಎಂದರೆ ಮೊದಲು ನಮ್ಮ ಮನೆಯವರಿಂದ ಶುರುವಾಗಬೇಕು ಎಂದು ನಂಬಿದ್ದೆ. ಬಾಗಿಲಲ್ಲಿದ್ದ ಸೂಪರ್‌ವೈಸರ್ "ನಿಷ್ಠೆ ಅಂದ್ರೆ ಇದು ನೋಡಿ" ಎಂದರು. ನನಗೆ ಆ ಮಾತು ಕೇಳಿ ಖುಷಿಯಾಯಿತು ಎನ್ನುವುದನ್ನೂ ಬರೆಯುತ್ತಿದ್ದೇನೆ.

ನೀನು ಯಂತ್ರ ಬಿಟ್ಟು ಓಡಿ ಬಂದೆ. ಜಗಳ ಆಡುತ್ತೀಯ ಎಂದುಕೊಂಡು ಉತ್ತರಗಳನ್ನು ಸಿದ್ಧ ಮಾಡಿಕೊಂಡಿದ್ದೆ. ನೀನು ಮಗುವನ್ನು ಎತ್ತಿ, ಅದರ ಮುಖವನ್ನು ಹೆಗಲಿಗೆ ಒತ್ತಿಕೊಂಡು, ಮೆಲ್ಲಗೆ ಕೇಳಿದೆ: "ಕೊಳಕು ಮನೆ ಅಂದ್ಯಲ್ಲ, ನೀನೂ ಅಲ್ಲೇ ಅಲ್ವೇನೇ ಮಲಗೋದು?" ಸಂಜೆ ಮನೆಗೆ ಬಂದರೆ ನಿನ್ನ ಚಾಪೆ, ಅವಳ ಪೆಟ್ಟಿಗೆ, ಸಣ್ಣ ಪಾತ್ರೆ ಇರಲಿಲ್ಲ. ನೀನು ನಿನ್ನ ಹೊಲಿಗೆ ಕೆಲಸದ ಗೆಳತಿಯ ಮನೆಗೆ ಹೋದೆ ಎಂದು ಅಜ್ಜಿಯಿಂದ ತಿಳಿಯಿತು. ಮಗುವನ್ನು ಬಿಡಲು ಜಾಗವಿಲ್ಲದೆ ನೀನು ಲಾಂಡ್ರಿಯ ಕೆಲಸವನ್ನೂ ಬಿಟ್ಟೆ.

ರೋಗಕ್ಕೆ ನೀನು ಹೋದದ್ದು ಗೊತ್ತಾಗಲಿಲ್ಲ. ಸೋಮವಾರ ಅವಳಿಗಳಿಗೆ ಬಂತು, ಇಬ್ಬರಿಗೂ ಒಂದೇ ದಿನ. ಆಮೇಲೆ ಗಾಡಿ ತಳ್ಳುವವಳ ಮಗಳಿಗೆ. ನಾನು ಇನ್ನಷ್ಟು ಜೋರಾಗಿ ತಿಕ್ಕಿದೆ, ಇನ್ನಷ್ಟು ಉಪ್ಪು ಹಾಕಿದೆ. ತಾಯಂದಿರಿಗೆ 'ಮನೆ ಶುಚಿಯಾಗಿಡಿ' ಎಂದು ಚೀಟಿ ಕಳಿಸಿದೆ. ಒಬ್ಬಳು ಬಂದು, "ನಾವು ಊರಿನ ಕೊಳೆಯೆಲ್ಲ ಒಗೆಯೋರು, ನಮಗೇ ಶುಚಿ ಪಾಠ ಮಾಡ್ತೀಯಾ?" ಎಂದು ಚೀಟಿಯನ್ನು ನನ್ನ ಮೇಜಿನ ಮೇಲೆ ಬಡಿದು ಹೋದಳು. ಎರಡನೇ ಗುರುವಾರದ ಹೊತ್ತಿಗೆ ಏಳು ಮಕ್ಕಳು. ನಾನು ಹೆದರಿ ನರ್ಸಮ್ಮನನ್ನು ಕರೆಸಿದೆ.

ಅವರು ಕಳೆದ ಶುಕ್ರವಾರ ಬಂದರು. ದಪ್ಪ ಕನ್ನಡಕ, ಕಾಲು ನೋವಿನ ನಡಿಗೆ. ಮಕ್ಕಳ ಮುಖ ನೋಡಿ, "ಯಾರಮ್ಮ ಇವನ್ನ ಕಿತ್ತಿದ್ದು?" ಎಂದರು.

"ನಾನೇ. ಶುಚಿ ಮಾಡ್ತಿದ್ದೆ."

"ಯಾವುದರಲ್ಲಿ?"

ಟವೆಲ್ ತೋರಿಸಿದೆ. ಅವರು ಎರಡು ಬೆರಳಲ್ಲಿ ಅದರ ತುದಿ ಹಿಡಿದೆತ್ತಿದರು. ಗೋಡೆಯ ಬರಹ ಓದಿದರು. ಮತ್ತೆ ಟವೆಲ್ ನೋಡಿದರು. ಮಕ್ಕಳನ್ನು ಬೆಳಿಗ್ಗೆ ನಿಲ್ಲಿಸುವ ಹಾಗೆಯೇ ನಿಲ್ಲಿಸು ಎಂದರು. ಅಂದು ಹನ್ನೊಂದು ಮಕ್ಕಳಿದ್ದರು; ಬಟಾಣಿ ಇರಲಿಲ್ಲ, ಸೂಪರ್‌ವೈಸರ್ ಮಗನೂ ಆ ವಾರ ಬಂದಿರಲಿಲ್ಲ. ಸಾಲಿನ ಮೊದಲ ಏಳು ಮಕ್ಕಳಿಗೆ ಹುಣ್ಣು. ಕೊನೆಯ ನಾಲ್ವರ ಮುಖ ಕನ್ನಡಿಯ ಹಾಗೆ. ನರ್ಸಮ್ಮ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕುಂಟುತ್ತಾ ನಡೆದು ವಾಪಸ್ ಬಂದರು.

"ಚಾಕೊಲೇಟ್ ಹಂಚಿದ ಹಾಗೆ ಹಂಚಿದ್ದೀಯಲ್ಲ ತಾಯಿ. ಕೊನೇ ನಾಲ್ಕು ಜನಕ್ಕೆ ಮಾತ್ರ ಸಾಕಾಗಿಲ್ಲ."

ಮಕ್ಕಳ ಕುರ್ಚಿಯಲ್ಲಿ ಕೂತೆ. "ಈ ಏಳು ಜನಕ್ಕಿಂತ ಮುಂದೆ ಯಾರು ನಿಲ್ತಿದ್ರು?" ಎಂದು ಅವರು ಕೇಳಿದರು. "ನಮ್ಮಕ್ಕನ ಮಗಳು. ಈಗ ಬರ್ತಿಲ್ಲ" ಎಂದೆ.

ರೋಗದ ಹೆಸರು ಇಂಪೆಟಿಗೊ ಅಂತೆ. ಬಾಯಿ ತಿರುಗದಿದ್ದರೆ ಬಿಡು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಎಷ್ಟೋ ಜನರ ಮೂಗಿನಲ್ಲಿ, ಚರ್ಮದ ಮೇಲೆ ಸುಮ್ಮನೆ ಇದ್ದುಕೊಂಡಿರುತ್ತದಂತೆ. ತರಚಿದ ಗಾಯ, ಸೊಳ್ಳೆ ಕಚ್ಚಿದ್ದು, ನೆಗಡಿಯಿಂದ ಸುಲಿದ ಮೂಗು, ಇಂಥ ಒಂದು ಬಿರುಕು ಸಿಕ್ಕರೆ ಒಳಗೆ ಇಳಿಯುತ್ತದೆ. ಸೆಕೆ, ಒದ್ದೆ, ಒತ್ತೊತ್ತಾಗಿ ಇರುವ ಮಕ್ಕಳು ಎಂದರೆ ಅದಕ್ಕೆ ಬಲು ಇಷ್ಟ. ಹುಣ್ಣು ಮುಟ್ಟಿದ ಕೈಯಿಂದ, ಬಟ್ಟೆಯಿಂದ ಮುಂದಿನವರಿಗೆ ದಾಟುತ್ತದೆ. ನನ್ನ ಬೋಗುಣಿಯ ಉಪ್ಪು ನೀರು ಅದಕ್ಕೆ ಯಾವ ಲೆಕ್ಕಕ್ಕೂ ಇಲ್ಲ. ಹಕ್ಕಳೆಯನ್ನು ಕೀಳಬಾರದು, ಉಗುರುಬೆಚ್ಚಗಿನ ನೀರು, ಸೋಪಿನಲ್ಲಿ ನೆನೆಸಿ ಮೆತ್ತಗೆ ತೆಗೆದು ಮುಲಾಮು ಹಚ್ಚಬೇಕು, ಮೇಲೆ ಬಟ್ಟೆ ಮುಚ್ಚಬೇಕು, ಉಗುರು ಕತ್ತರಿಸಬೇಕು. ಹುಣ್ಣು ಜಾಸ್ತಿ ಇದ್ದರೆ ಡಾಕ್ಟರು ಹೊಟ್ಟೆಗೆ ಔಷಧಿ ಕೊಡುತ್ತಾರೆ. ಔಷಧಿ ಶುರುವಾಗಿ ಒಂದೆರಡು ದಿನ ಮನೆಯಲ್ಲಿದ್ದರೆ ಮಗು ಮತ್ತೆ ಎಲ್ಲರ ಜೊತೆ ಆಡಬಹುದು.

ಒಂದೆರಡು ದಿನ, ಅಕ್ಕಾ. ನಾನು ಅವಳನ್ನು ಶಾಶ್ವತವಾಗಿ ಓಡಿಸಿದೆ.

"ಕೊಳಕು ಮನೆಯಿಂದ ಬರುತ್ತೆ ಅಂತ ನಾನು..." ಎಂದು ಶುರು ಮಾಡಿದೆ. ನರ್ಸಮ್ಮ ಮುಗಿಸಲು ಬಿಡಲಿಲ್ಲ. "ಹೋದ ವರ್ಷ ನಮ್ಮ ಡಾಕ್ಟರ ಮಗಂಗೇ ಬಂದಿತ್ತು. ಅವರ ಮನೆ ನೆಲದ ಮೇಲೆ ಊಟ ಮಾಡ್ಬಹುದು. ಯಾರ ಮನೆಯಿಂದ ಬಂತು ಅಂತ ಹುಡುಕೋಕೆ ನೀನೇನು ಪೊಲೀಸಾ?" ಎಂದರು. ಈ ರೋಗದ ಬಗ್ಗೆ ಕರಪತ್ರ ಇದ್ದರೆ ಕೊಡಿ ಎಂದು ಕೇಳಿದೆ. "ನಿನ್ನ ಕೈಗೆ ಇನ್ನು ಕಾಗದ ಕೊಡಲ್ಲ. ಕಿವಿ ಕೊಡು ಸಾಕು" ಎಂದರು. ಅಟ್ಟದ ಮೇಲಿನ ಗಂಟು ಇಳಿಸಿ, ಅಷ್ಟೂ ಟವೆಲುಗಳನ್ನು ಬಿಸಿ ನೀರಿನಲ್ಲಿ ಒಗೆದು ಒಂದೊಂದಕ್ಕೆ ಒಂದೊಂದು ಮೊಳೆ ಹೊಡೆಸಿದರು. ಬಿಳಿ ಟವೆಲನ್ನು ತಾವೇ ಬಾಯ್ಲರ್ ಒಲೆಗೆ ಹಾಕಿದರು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಮಾತು ಹೇಳಿದರು. ಕೆಲವು ಸಲ, ಅಪರೂಪಕ್ಕೆ, ಹುಣ್ಣು ಪೂರ್ತಿ ಮಾಯ್ದ ಮೇಲೂ ಎರಡು ಮೂರು ವಾರ ಬಿಟ್ಟು ಅದರ ಪೆಟ್ಟು ಮೂತ್ರಪಿಂಡಕ್ಕೆ ಬೀಳುತ್ತದಂತೆ. ರೋಗದ ವಿರುದ್ಧ ಮೈ ಹೂಡಿದ ಜಗಳ ಮುಗಿದ ಮೇಲೂ ಅದರ ಕಸ ಅಲ್ಲಿ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದರು. ಬೆಳಿಗ್ಗೆ ಮುಖ ಊದುವುದು, ಉಚ್ಚೆ ಕಡಿಮೆಯಾಗುವುದು, ಬಣ್ಣ ಕಪ್ಪಾಗುವುದು. "ಹೆದರ್ಬೇಡಿ. ಬೇಗ ನೋಡಿದ್ರೆ ಹೆಚ್ಚಿನ ಮಕ್ಕಳು ಪೂರ್ತಿ ಸರಿ ಹೋಗ್ತಾರೆ. ನೋಡದೆ ಇದ್ರೆ ಮಾತ್ರ ಕಷ್ಟ."

ನಾನು ಶನಿವಾರ ನಿನ್ನ ಗೆಳತಿಯ ಮನೆಯ ಮೆಟ್ಟಿಲು ಹತ್ತಿ ಬಂದದ್ದು ಇದಕ್ಕೇ. ನೀನು ಬಾಗಿಲು ತೆರೆಯದೆ, "ಭಾಷಣ ಬಂತಾ? ಇಲ್ಲಿ ಜನ ಸೇರಿಲ್ಲ, ಮುಂದಿನ ಬೀದಿಗೆ ಹೋಗು" ಎಂದೆ. ನನಗೆ ನಗುವೂ ಬಂತು, ಅಳುವೂ ಬಂತು. ಆದರೆ ಬಾಯಿಂದ ಬಂದದ್ದು, "ಅಕ್ಕಾ, ವೈಜ್ಞಾನಿಕವಾಗಿ ನೋಡಿದರೆ..." ಎಂದು. ನೀನು ಒಳಗೆ ನಲ್ಲಿ ಜೋರಾಗಿ ಬಿಟ್ಟೆ. ನಾನು ನೀರಿನ ಸದ್ದಿನ ಮೇಲೆ ಕೂಗಿ ಕೂಗಿ ಬ್ಯಾಕ್ಟೀರಿಯಾ ವಿವರಿಸಿದೆ. ಎದುರು ಮನೆಯ ಮುದುಕ ಹೊರಗೆ ಬಂದು, "ಏನಮ್ಮಾ ಮಾರ್ತಿದ್ದೀಯ?" ಎಂದು ಕೇಳಿದ. ಕ್ಷಮಿಸು ಎನ್ನುವುದು ನನ್ನ ಪಟ್ಟಿಯಲ್ಲಿ ಕೊನೆಯಲ್ಲಿತ್ತು, ಉಚ್ಚೆ ನೋಡು ಎನ್ನುವುದು ಅದಕ್ಕೂ ಕೆಳಗೆ. ಎರಡನ್ನೂ ಹೇಳದೆ ಇಳಿದು ಬಂದೆ. ನಾನು ಅಲ್ಲಿ ಮೊದಲು ಆ ಒಂದು ಮಾತು ಹೇಳಿದ್ದರೆ ಇವತ್ತಿಗೆ ಮೂರು ದಿನ ಮುಂಚೆಯೇ ಅವಳನ್ನು ತೋರಿಸಿ ಆಗಿರುತ್ತಿತ್ತು. ಈ ಮೂರು ದಿನದ ಲೆಕ್ಕ ನನ್ನ ತಲೆಯಿಂದ ಹೋಗುತ್ತಿಲ್ಲ.

ನೀನು ಈಗ ನಿನ್ನನ್ನು ಬೈದುಕೊಳ್ಳಬೇಡ. ಮುಲಾಮು ತಂದು, ಅವಳ ಟವೆಲ್ ಬೇರೆ ಇಟ್ಟು, ಹುಣ್ಣು ವಾಸಿ ಮಾಡಿದವಳು ನೀನು. ಯಾರೂ ಹೇಳಿಕೊಡದೆ, ಯಾವ ಕರಪತ್ರವನ್ನೂ ಓದದೆ. ಔಷಧಿ ಸರಿಯಾಗಿ ಮಾಡಿದರೂ ಕೆಲವು ಮಕ್ಕಳಿಗೆ ಹೀಗಾಗಬಹುದಂತೆ, ನರ್ಸಮ್ಮನನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಅವಳ ಮುಖ ಊದಿದ್ದು ನಿಜವಾಗಿಯೂ ನಿದ್ದೆಯಿಂದಲೇ ಇರಬಹುದು. ಹಾಗಿದ್ದರೆ ನೀನೂ ಅಜ್ಜಿಯೂ ಸೇರಿ ನನ್ನನ್ನು ವರ್ಷಗಟ್ಟಲೆ ಆಡಿಕೊಂಡು ನಗಿ. ನನಗೆ ಅದೇ ಬೇಕು. ಆದರೆ ಅಂದಾಜಿನ ಮೇಲೆ ಈ ಮಗುವನ್ನು ಬಿಡುವುದು ಬೇಡ. ಅಂದಾಜು ಮಾಡುವ ಕೆಲಸವನ್ನು ನಾನು ಮಾಡಿ ನೋಡಿ ಆಯಿತು.

ನಾಳೆ ಮಾಡಬೇಕಾದದ್ದು ಇಷ್ಟೇ. ಅವಳು ಎದ್ದ ಕೂಡಲೆ ಮೊದಲ ಉಚ್ಚೆಯನ್ನು ಅಜ್ಜಿ ತಂದಿರುವ ಸಣ್ಣ ಬಾಟಲಿಯಲ್ಲಿ ಹಿಡಿ, ಮುಚ್ಚಳ ಬಿಗಿ ಮಾಡು. ಸಣ್ಣ ಆಸ್ಪತ್ರೆಗೆ ಕರೆದುಕೊಂಡು ಬಾ. ನರ್ಸಮ್ಮ ಉಚ್ಚೆಯಲ್ಲಿ ರಕ್ತ ಇದೆಯೇ ನೋಡುತ್ತಾರೆ, ಮಕ್ಕಳ ಸಣ್ಣ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡುತ್ತಾರೆ. ಸೂಜಿ ಇಲ್ಲ ಎಂದು ಅವಳಿಗೆ ಹೇಳಬೇಡ, ಬೇಕಾದರೂ ಬೇಕಾಗಬಹುದು. ನಾವು ಅವಳಿಗೆ ಸುಳ್ಳು ಹೇಳುವುದು ಬೇಡ. ಇವತ್ತು ಸಂಜೆಯೊಳಗೆ ಮೇಲೆ ಬರೆದ ಲಕ್ಷಣ ಒಂದು ಕಂಡರೂ ನಾಳೆಗೆ ಕಾಯಬೇಡ.

ನೀನು ಬಾಗಿಲು ತೆರೆಯದಿದ್ದರೂ ಮಗುವನ್ನು ಕರೆತರುತ್ತೀಯ ಎಂದು ನನಗೆ ಗೊತ್ತು.

ನಿನ್ನ ತಂಗಿ

ತಾ.ಕ. ಕಾಗದವನ್ನು ಅಜ್ಜಿಯ ಕೈಗೆ ಕೊಟ್ಟಾಗಿತ್ತು. ಅವಳು ಗೇಟಿನವರೆಗೆ ಹೋಗಿದ್ದಳು. ಓಡಿ ಹೋಗಿ ವಾಪಸ್ ಇಸಿದುಕೊಂಡೆ. "ಇನ್ನೂ ಭಾಷಣ ಉಳಿದಿತ್ತಾ?" ಎಂದಳು. ಉಳಿದಿತ್ತು.

ಬಟಾಣಿ ಸಾಲಿನಲ್ಲಿ ಮೊದಲನೆಯವಳಲ್ಲ, ಎರಡನೆಯವಳು. ಮೊದಲು ನಿಲ್ಲುತ್ತಿದ್ದವನು ಸೂಪರ್‌ವೈಸರ್ ಮಗ. ನಿನ್ನ ಮಗಳನ್ನು ಆಚೆ ಹಾಕುವುದಕ್ಕೆ ನಾಲ್ಕು ದಿನ ಮೊದಲು, ಆ ಸೋಮವಾರ, ಅವನ ತುಟಿಯ ಮೂಲೆಯಲ್ಲಿ ಅದೇ ಹಳದಿ ಹಕ್ಕಳೆಯನ್ನು ನಾನು ನೋಡಿದೆ. ಮೇಲೆ ಪೌಡರ್ ಹಾಕಿ ಕಳಿಸಿದ್ದರು. ಅವನ ಅಪ್ಪನಿಗೆ ಹೇಳಿದೆ. "ಸೆಕೆ ಗುಳ್ಳೆ. ಅದನ್ನೇ ದೊಡ್ಡದು ಮಾಡಿದ್ರೆ ಈ ರೂಮಿನ ಬಗ್ಗೇನೂ ದೊಡ್ಡದಾಗಿ ಮಾತಾಡ್ಬೇಕಾಗುತ್ತೆ" ಎಂದರು. ನಾನು ಬಾಯಿ ಮುಚ್ಚಿಕೊಂಡು ಅವನ ಮುಖ ಒರೆಸಿದೆ. ಆಮೇಲೆ ಅದೇ ಟವೆಲಿನಿಂದ ಬಟಾಣಿಯ ಮುಖ ಒರೆಸಿದೆ. ನಾಲ್ಕು ದಿನವೂ. ಅವರ ಮಗನನ್ನು ಕಳಿಸುವ ಧೈರ್ಯ ನನಗೆ ಇರಲಿಲ್ಲ. ನಿನ್ನ ಮಗಳನ್ನು ಕಳಿಸಲು ಧೈರ್ಯ ಬೇಕಾಗಿರಲಿಲ್ಲ. ನರ್ಸಮ್ಮನಿಗೂ ಸುಳ್ಳು ಹೇಳಿದೆ, ಈ ಕಾಗದದಲ್ಲಿ ನಿನಗೂ ಹೇಳಿ ಕಳಿಸುತ್ತಿದ್ದೆ.

ಐದೂವರೆಗೆ ಪಾಳಿ ಬಿಟ್ಟಾಗ ನಲವತ್ತು ಜನರ ಎದುರು ಇದನ್ನು ಹೇಳುತ್ತೇನೆ. ಕೋಣೆ ಹೋಗಬಹುದು. ಹೋದರೆ ಅವರ ಮಕ್ಕಳು ಮತ್ತೆ ಗಾಡಿಗೆ ಹೋಗುತ್ತವೆ.

ಇದನ್ನು ಓದಿದ ಮೇಲೆ ನನ್ನ ಮುಖ ನೋಡಲು ನಿನಗೆ ಮನಸ್ಸಾಗದಿದ್ದರೆ ನೋಡಬೇಡ. ನಾನು ಸಣ್ಣ ಆಸ್ಪತ್ರೆಯ ಒಳಗೆ ಬರುವುದಿಲ್ಲ, ಗೇಟಿನ ಎದುರು ಸೈಕಲ್ ಅಂಗಡಿಯ ಹತ್ತಿರ ನಿಂತಿರುತ್ತೇನೆ, ನಿಮಗೆ ಚೀಟಿ ತೆಗೆಸಿ ನರ್ಸಮ್ಮನ ಕೈಗೆ ಕೊಟ್ಟಿರುತ್ತೇನೆ. ನೀನು ಕರೆದರೆ ಬರುತ್ತೇನೆ, ಕರೆಯದಿದ್ದರೆ ಅಲ್ಲೇ ನಿಂತಿರುತ್ತೇನೆ. ನಾಳೆ, ಬುಧವಾರ, ಬೆಳಿಗ್ಗೆ ಎಂಟೂವರೆ.